ಸೂತಕದಲ್ಲಿ ಪರೀಕ್ಷೆ

ಗೆಳೆಯರೇ, ನನ್ನ ಹೆಂಡತಿ ತೀರಿಕೊಂಡು ಇನ್ನೂ ವಾರವಾಗಿಲ್ಲ. ನಿನ್ನೆ ಮಗಳು ಚೀಲ ಹಿಡಿದು ಹೊರಟಾಗ ನಮ್ಮಣ್ಣ ಬಾಗಿಲಲ್ಲೇ ತಡೆದರು.

"ಸೂತಕದಾಗ ಎಲ್ಲಿಗೆ ಹೊಂಟೀಯವ್ವಾ? ಅದೂ ಕ್ರಿಶ್ಚಿಯನ್ನರ ವಿಶ್ವವಿದ್ಯಾಲಯಕ್ಕ!"

"ದೊಡ್ಡಪ್ಪಾ, ಪರೀಕ್ಷಾ ನಮ್ಮ ಸೂತಕಾ ನೋಡಂಗಿಲ್ಲ. ತಪ್ಪಿದ್ರ ವರ್ಷಾನೇ ಹೋಗ್ತದ."

ಅವಳು ಅಲ್ಲಿ ಇತಿಹಾಸ, ರಾಜ್ಯಶಾಸ್ತ್ರ ಓದುತ್ತಾಳೆ. ಹಟ ಹಿಡಿದು ಸೇರಿಸಿದ್ದು ಅವಳಮ್ಮನೇ. ನಾನು ಅವಳ ಚೀಲ ತೆಗೆದುಕೊಂಡು ಮಾನ್ವಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಿಟ್ಟು ಬಂದೆ.

ಇಂದು ಮಧ್ಯಾಹ್ನ ಫೋನ್ ಮಾಡಿದಳು.

"ಅಪ್ಪಾ, ಅಸ್ಪೃಶ್ಯತಾ ನಿಷೇಧದ ಬಗ್ಗೆ ಕೇಳಿದ್ರು."

"ಚೊಲೋ ಬರದಿಯೇನು?"

"ಬರದೀನಿ. ಹೊರಗ ಬಂದಕೂಡ್ಲೆ ದೇವದುರ್ಗದ ಗೆಳತಿ ಓಡಿ ಬಂದ್ಲು. ಮುಟ್ಟಬ್ಯಾಡ, ಸೂತಕ ಅದ ಅಂದೆ. 'ಈಗ ಒಳಗ ಏನ್ ಬರದು ಬಂದೀಲೇ?' ಅಂತ ಬೈದು ತಬ್ಬಿಕೊಂಡ್ಲು. ಆವಾಗ ಅಳು ಬಂತಪ್ಪಾ. ಭಾಳ ಅತ್ತೆ."

ಇಲ್ಲಿದ್ದಾಗ ಅವಳು ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಮನೆಗೆ ಬಂದವರೆಲ್ಲ ಅಂಗಳದಲ್ಲೇ ದೂರ ನಿಂತು ಸಮಾಧಾನ ಹೇಳಿ ಹೋಗಿದ್ದರು.

ಸೂತಕ ಹತ್ತನೆಯ ದಿನ ಕಳೆಯುತ್ತದೆ ಎಂದು ಅಣ್ಣ ಎಲ್ಲರಿಗೂ ಹೇಳುತ್ತಿದ್ದಾರೆ. ಮಗಳದು ಇವತ್ತೇ ಕಳೆಯಿತೆಂದು ಅವರಿಗೆ ಯಾರು ಹೇಳಬೇಕು?