ತುರುಬಿನ ಎರಡು ಬಿಳಿ ಕೂದಲು

ಬಾಯಲ್ಲಿ ಎರಡು ಹೇರ್‌ಪಿನ್ ಕಚ್ಚಿಕೊಂಡೇ ಕಾಕು ಮಾತಾಡುತ್ತಿದ್ದರು. ಬೈಗುಳವೂ ಆ ಪಿನ್ನುಗಳ ಸಂದಿಯಿಂದಲೇ ಬರಬೇಕು. ಕುತ್ತಿಗೆಯ ಮೇಲೆ ತೆಂಗಿನಕಾಯಿಯಷ್ಟು ದೊಡ್ಡ ತುರುಬು, ಅದರಲ್ಲಿ ಎದ್ದು ಕಾಣುವ ಎರಡು ಬಿಳಿ ಕೂದಲು. ಊರವರ ತಲೆಯನ್ನೆಲ್ಲ ಸಿಂಗರಿಸುವವರಿಗೆ ತಮ್ಮವೆರಡು ಕಾಣುವುದಿಲ್ಲವೇ ಎಂದು ನಾನು ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ.

ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ವಿಜಯಪುರದ ಕಡೆಯವರು, ಮನೆ ಭಾಂಡುಪ್‌ನ ಚಾಳಿನಲ್ಲಿ. ಅಂಧೇರಿಯಲ್ಲಿ ಮದುವಣಗಿತ್ತಿಯರಿಗೂ ಸೀರಿಯಲ್ಲಿನವರಿಗೂ ಚೌರಿ ಕಟ್ಟಿಕೊಡುವ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಅವರ ಪಕ್ಕದ ಸ್ಟೂಲಿನಲ್ಲಿ ಕೂತೆ. ಈಗಿನವರು ಎಕ್ಸ್‌ಟೆನ್ಶನ್ ಅನ್ನುತ್ತಾರೆ. ಕಾಕುಗೆ ಎಲ್ಲವೂ ಚೌರಿಯೇ. ಲೋಕಲ್‌ನಲ್ಲಿ ನಿಂತು, ಮೆಟ್ರೋದಲ್ಲಿ ನಿಂತು ಬಂದು, ದಿನವಿಡೀ ಬಗ್ಗಿ ಕೂದಲು ಆರಿಸುವುದು. ಸಂಜೆಗೆ ಕಣ್ಣು ಉರಿ, ಸೊಂಟ ಹಲಗೆ. ಆ ದಣಿವು ನನ್ನ ಮೈಯಿಂದ ಇನ್ನೂ ಇಳಿದಿಲ್ಲ.

"ಯಾವ ತಲ್ಯಾಗೂ ಒಂದ ಬಣ್ಣ ಇರೂದಿಲ್ಲ. ಬುಡದಾಗ ಒಂದು, ತುದ್ಯಾಗ ಒಂದು," ಎನ್ನುತ್ತಿದ್ದರು. ಕಬ್ಬಿಣದ ಹಲ್ಲಿನ ಹಲಗೆಯಲ್ಲಿ ಕಪ್ಪು, ಕಂದು, ಅದಕ್ಕಿಂತ ತಿಳಿಯಾದ ಇನ್ನೊಂದು, ಹೀಗೆ ಮೂರು ಬಗೆಯ ಕೂದಲನ್ನು ಕೂಡಿಸಿ ಎಳೆದೆಳೆದು ಬೆರೆಸುತ್ತಿದ್ದರು. ಕೊನೆಗೆ ಕಿಟಕಿಯ ಪರದೆ ಸರಿಸಿ ಹಗಲಿನ ಬೆಳಕಿಗೆ ಹಿಡಿಯಬೇಕು. ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದಂತೆ. ನಾನು ಬೆರೆಸಿದ್ದನ್ನು ಮಾತ್ರ ಬೆರಳಲ್ಲಿ ತೂಗಿ, "ಇದನ್ನ ಕಿಟಕಿಗೆ ಒಯ್ಯಬ್ಯಾಡ," ಎಂದು ಹಿಂದಿರುಗಿಸುತ್ತಿದ್ದರು. ಹನ್ನೊಂದು ವರ್ಷವೂ ಅದೇ ಮಾತು. ನನಗೆ ಎಷ್ಟೋ ಸಲ ಅಳು ಬರುತ್ತಿತ್ತು.

ಒಮ್ಮೆ ಸಯನ್‌ನ ನಮ್ಮ ಕಡೆಯ ಮದುಮಗಳೊಬ್ಬಳ ಕೂದಲ ಬಣ್ಣ ನೋಡಿ ಬರಲು ನನ್ನನ್ನೇ ಕಳಿಸಿದರು. ನಾನು ಹೋದದ್ದು ಅರಿಶಿನದ ದಿನ. ಸುಮಂಗಲಿಯರೆಲ್ಲ ಅವಳ ನೆತ್ತಿಗೆ ಎಣ್ಣೆ ಇಟ್ಟಿದ್ದರು. ತಲೆ ಕಾಡಿಗೆಯಂತೆ ಹೊಳೆಯುತ್ತಿತ್ತು. ಅಚ್ಚ ಕಪ್ಪು ಎಂದು ಬರೆದುಕೊಂಡು ಬಂದೆ. ಮದುವೆಯ ಬೆಳಿಗ್ಗೆ ಮೀಯಿಸಿದರೆ ಅವಳ ಕೂದಲು ಕಂದು! ನಮ್ಮ ಚೌರಿ ಬೇರೆಯವರ ಜಡೆಯಂತೆ ಜೋತಾಡಿತು. ಹುಡುಗಿಯ ತಾಯಿ ಕಿರುಚಾಡಿದಳು. "ತಪ್ಪು ನಂದರೀ," ಎಂದರು ಕಾಕು. ಚೌರಿ ಬಿಚ್ಚಿ, ಚೀಲದಲ್ಲಿದ್ದ ಕಂದು ಎಳೆಗಳನ್ನು ಬೆರೆಸಿ ಮತ್ತೆ ಕಟ್ಟಿದರು. ವಾಪಸು ಬರುವಾಗ ನನಗೆ ಹೇಳಿದ್ದು ಇಷ್ಟೇ: "ಎಣ್ಣಿ ಹಚ್ಚಿದ ತಲಿಗೆ ಬಣ್ಣ ಕೇಳಬ್ಯಾಡ. ಸುಳ್ಳ ಹೇಳತೈತಿ."

ಹೋದ ವರ್ಷ ಕಾಕು ಹಾಸಿಗೆ ಹಿಡಿದರು. ಎರಡು ತಿಂಗಳ ಮೇಲೆ ಆಸ್ಪತ್ರೆಗೆ ಸೇರಿಸಿದರು. ಯಾವುದೋ ತಪಾಸಣೆಗೆ ಮುಂಚೆ ತಲೆಯ ಪಿನ್ನುಗಳನ್ನೆಲ್ಲ ತೆಗೆಯಬೇಕೆಂದಳು ನರ್ಸ್. ಕಾಕು ತಮ್ಮ ಸೊಸೆಯನ್ನೂ ಸೇರಿಸಿ ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಉಳಿಸಿಕೊಂಡರು.

"ತಗಿ," ಎಂದರು.

ತುರುಬು ಇಡಿಯಾಗಿ ನನ್ನ ಕೈಗೆ ಬಂತು. ಉಳಿದದ್ದು ಹೆಬ್ಬೆರಳು ದಪ್ಪದ ಮೋಟು ಜಡೆ. ಆ ಎರಡು ಬಿಳಿ ಕೂದಲೂ ಚೌರಿಯವೇ! ನೋಡಿದವರು ನಂಬಲೆಂದು ಬೇಕೆಂದೇ ಸೇರಿಸಿದ್ದವು. ದಿನವೂ ಒಂದು ಮೊಳ ದೂರದಲ್ಲಿ ಕೂತವಳಿಗೆ ಗೊತ್ತಾಗಿರಲಿಲ್ಲ.

"ನಾಳೆ ಊರಿಂದ ತಂಗಿ ಬರತಾಳ. ಅವ್ವನ ಕೂದಲಾ ಅಕ್ಕಗ ಬಂದಾವಂತ ಊರೆಲ್ಲಾ ಹೇಳಕೋತ ತಿರಗ್ಯಾಳ. ಆಕಿ ಮುಂದ ಹಿಂಗ ಮಲಗಲಾರೆ," ಎಂದರು.

ಹಳೆಯ ಚೌರಿ ಹೊಂದುವಂತಿರಲಿಲ್ಲ. ಹಾಸಿಗೆ ಹಿಡಿದ ಮೇಲೆ ಬಣ್ಣ ಹಚ್ಚುವುದು ನಿಂತು ಅವರ ಸ್ವಂತ ಕೂದಲ ಬುಡವೆಲ್ಲ ಬೆಳ್ಳಗಾಗಿತ್ತು. ನೆತ್ತಿಗೆ ಸೊಸೆ ಎಣ್ಣೆ ತಿಕ್ಕಿದ್ದಳು. ಒದ್ದೆ ಬಟ್ಟೆಗೆ ಶಾಂಪೂ ಹಾಕಿ ಒಂದು ಎಳೆಯನ್ನು ಒರೆಸಿ, ಒಣಗಿಸಿ, ಕತ್ತರಿಸಿಕೊಂಡು ಅಂಗಡಿಗೆ ಓಡಿದೆ. ಬಿಳಿ, ಬೂದಿ, ಬಣ್ಣ ಮಾಸಿದ ಕಂದು. ನಾಲ್ಕು ಸಲ ಬೆರೆಸಿ ನಾಲ್ಕು ಸಲ ಬಿಚ್ಚಿದೆ. ಬೆಳಿಗ್ಗೆ ಹೋಗಿ ಕಟ್ಟಿದಾಗಲೂ ಧೈರ್ಯ ಸಾಲದೆ ಕಿಟಕಿಯ ಪರದೆ ಎಳೆದುಬಿಟ್ಟೆ.

ತಂಗಿ ಬಂದವರೇ ಹಾಸಿಗೆಯ ತುದಿಯಲ್ಲಿ ಕೂತು ಅಕ್ಕನ ತಲೆ ಸವರಿದರು. ಕೈ ತುರುಬಿನ ಮೇಲೇ ನಿಂತಿತು. ನಾನು ಪರದೆಯನ್ನು ಇನ್ನೂ ಬಿಗಿಯಾಗಿ ಎಳೆದು ಹಿಡಿದೆ.

"ಬೆಳ್ಳಗಾಗ್ಯಾವ ಖರೆ ಅಕ್ಕಾ, ಆದರ ಅವ್ವನ ಹಂಗನ ದಟ್ಟ ಅದಾವ ನೋಡು," ಎಂದು ಕಣ್ಣೊರೆಸಿಕೊಂಡರು.

ಕಾಕು ಅವರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, "ಯಾಕ ಕತ್ತಲಾ ಮಾಡಿಯವಾ? ಪರದೆ ಸರಸು," ಎಂದರು.

ಸರಿಸಿದೆ. ಬಿಸಿಲು ನೇರ ತುರುಬಿನ ಮೇಲೆ ಬಿತ್ತು. ಹನ್ನೊಂದು ವರ್ಷ ಕಾದ ಮಾತು ನನಗೆ ಅಲ್ಲಿ ಸಿಕ್ಕಿತು.

ಮೂರನೆಯ ದಿನ ಕಾಕು ಹೋಗಿಬಿಟ್ಟರು. ಚಾಳಿನಲ್ಲಿ ಕೊನೆಯ ಸ್ನಾನಕ್ಕೆ ನೀರು ತಂದಾಗ ತಂಗಿ, "ಸರಿಯವ್ವಾ, ತಲಿ ನಾ ತೊಳೀತೀನಿ," ಎಂದು ಮುಂದೆ ಬಂದರು.

"ಬ್ಯಾಡರೀ, ಕಾಕು ನನಗ ಹೇಳಿ ಹೋಗ್ಯಾರ," ಎಂದೆ. ಅವರು ಹಾಗೇನೂ ಹೇಳಿರಲಿಲ್ಲ. ತುರುಬು ಬಿಚ್ಚದೆ, ಮೇಲಿಂದಷ್ಟೇ ನಾನೇ ನೀರು ಹಾಕಿದೆ.