ಬಣ್ಣ ಅದ್ದದ ಕಂಬಳಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಕೊಡಿಗೇನಹಳ್ಳಿಯಲ್ಲಿದ್ದೆವು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಬಂತೆಂದರೆ ಊರಿನ ದುಡಿಯುವ ಜನರನ್ನು ಕೂರಿಸಿಕೊಂಡು ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೇ ಬರೆಯಬೇಕು ಅನ್ನುವುದು ಅವರ ಹಟ. ಬಟ್ಟೆ ಒಗೆಯುವಾಕೆ, ಕಲ್ಲು ಒಡೆಯುವವನು, ಎಲ್ಲರೂ ನಮ್ಮ ಜಗುಲಿಯಲ್ಲಿ ಕೂತು ನನ್ನ ಕೈಯ ಕಾಫಿ ಕುಡಿದು ಹೋದವರೇ.

ಆ ಸಲ ಕೂತದ್ದು ಕಂಬಳಿ ನೇಯುವ ಒಬ್ಬ ಅಜ್ಜ. ಮುಖಕ್ಕೇ ಮೂರು ಭಾನುವಾರ ಹಿಡಿಯಿತು. ನಾಲ್ಕನೆಯ ವಾರ, ಹೆಗಲ ಮೇಲಿನ ಕಂಬಳಿಯನ್ನು ಮಾತ್ರ ಟ್ಯೂಬಿನಿಂದ ಹಿಂಡಿದ ಕಪ್ಪು ಬಳಿದು ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ಚಿತ್ರ ಮಧುಗಿರಿಯ ಪ್ರದರ್ಶನಕ್ಕೆ ಹೋಗುವುದಿತ್ತು.

ಅಜ್ಜ ಎದ್ದು ಬಂದು ನೋಡಿದ.

“ಇದು ನನ್ ಕಂಬ್ಳಿ ಅಲ್ಲ ಮೇಷ್ಟ್ರೇ.”

“ನಿನ್ನ ಹೆಗಲ ಮೇಲಿರೋದನ್ನೇ ನೋಡಿ ಬರೆದಿದ್ದೀನಲ್ಲ ಅಜ್ಜಾ!”

“ಎಲ್ ನೋಡುದ್ರಿ? ಇದು ಬಣ್ಣ ಅದ್ದಿದ್ ಉಣ್ಣೆ. ಮಧುಗಿರಿಯೋರು ನನ್ ತಾವ ಕಂಬ್ಳಿ ತಗಳೋ ಜನ. ಮುದ್ಕ ಈಗ ಬಣ್ಣ ಅದ್ದಕ್ ಸುರು ಮಾಡ್ಬುಟ್ಟ ಅಂತಾರೆ. ಆಮ್ಯಾಕೆ ನನ್ ಮಗ್ಗದ್ ತಾವ ಯಾರ್ ಬತ್ತಾರೆ?”

ಯಜಮಾನರಿಗೆ ಸಿಟ್ಟು ಬಂತು. “ಚಿತ್ರ ನೋಡೋರು ಉಣ್ಣೆ ನೋಡಲ್ಲ,” ಅಂದರು.

“ಇನ್ನೇನ್ ನೋಡ್ತಾರೆ ಸ್ವಾಮಿ? ನನ್ ಮೂತೀನಾ?”

ನನಗೆ ನಗು ತಡೆಯಲಾಗಲಿಲ್ಲ. ಅಜ್ಜ ಕಂಬಳಿ ತೆಗೆದು ಅಂಗಳದ ಬಿಸಿಲಿಗೆ ಹಿಡಿದ. ಜಗುಲಿಯ ನೆರಳಿನಲ್ಲಿ ಕಪ್ಪಗಿದ್ದದ್ದು ಅಲ್ಲಿ ಹಳೇ ಬೆಲ್ಲದ ಹಾಗೆ ಕೆಂಚಗೆ ಕಂಡಿತು. ಬಿಸಿಲಲ್ಲಿ ಮೇಯ್ದ ಕರಿಕುರಿಯ ಉಣ್ಣೆಯ ತುದಿ ಹಾಗಾಗುತ್ತದಂತೆ. ಬಣ್ಣ ಅದ್ದಿದ್ದಕ್ಕೆ ಆ ಕೆಂಚು ಬರುವುದಿಲ್ಲವಂತೆ. ಯಜಮಾನರು ಬಗ್ಗಿ ಬಹಳ ಹೊತ್ತು ನೋಡಿದರು. ಜಗುಲಿಗೆ ಬಂದು ಚಿತ್ರದ ಕಪ್ಪನ್ನು ಚಾಕುವಿನಿಂದ ಹೆರೆದು ತೆಗೆದರು.

ಮತ್ತೆ ಎರಡು ಭಾನುವಾರ ಅಂಗಳದಲ್ಲೇ ಕೆಲಸ. ಕಂಬಳಿಯನ್ನು ಹಗ್ಗದ ಮೇಲೆ ಹರವಿ, ಅಜ್ಜ ಯಜಮಾನರ ಪಕ್ಕದಲ್ಲೇ ನಿಂತಿರುತ್ತಿದ್ದ. “ಇನ್ನೊಸಿ ಕೆಂಚಗೆ... ಸಾಕು, ಸಾಕು! ಇನ್ನೂ ಬಳುದ್ರೆ ಕುರಿ ಹೋಗಿ ಹಸ ಆಯ್ತದೆ!” ಯಜಮಾನರು ಹೇಳಿದಷ್ಟೇ ಬಳಿಯುತ್ತಿದ್ದರು.

ಮುಗಿದ ದಿನ ಅಜ್ಜ ದೂರ ನಿಂತು ನೋಡಿದ, ಹತ್ತಿರ ಬಂದು ನೋಡಿದ. “ಈಗ ತಗಂಡೋಗಿ ತೂಗಾಕಿ,” ಅಂದ.

“ಅಜ್ಜಾ, ಮುಖ ಹೆಂಗೈತೆ ಅಂತ ಹೇಳ್ಲೇ ಇಲ್ವಲ್ಲ?” ಅಂದೆ ನಾನು.

ಆಗ ಕತ್ತೆತ್ತಿ ನೋಡಿದ.

“ಯಾವನೋ ವಯಸ್ಸಾದೋನು ಕಣಮ್ಮ. ಕಂಬ್ಳಿ ಮಾತ್ರ ಒಳ್ಳೇದ್ ಹೊದ್ದವ್ನೆ.”