ಹಗಲು ಹೊತ್ತಿನ ಉಡಿಕಿ

ನಿನ್ನೆ ಗುರೆಳ್ಳು ಹುರಿಯುತ್ತಿದ್ದೆ. ಮೊಮ್ಮಗಳು ಮುದ್ದೇಬಿಹಾಳದ ಸರಕಾರಿ ದವಾಖಾನೆಗೆ ನರ್ಸ್ ಆಗಿ ಹೊರಟಿದ್ದಾಳೆ, ಕಟ್ಟಿಕೊಡಲು ಹಿಂಡಿ, ಅದೇ ಚಟ್ನಿಪುಡಿ, ಬೇಕಲ್ಲ. ಘಮ ಎದ್ದದ್ದೇ ತಡ, ಬಾಜೂ ಮನೆಯ ವಕೀಲ ಅಕ್ಕೋರು ನೆನಪಾದರು. ಗುರೆಳ್ಳು ಹುರಿದ ದಿನ ಅವರನ್ನು ಕರೆಯಬೇಕಾಗಿರಲಿಲ್ಲ. ಕರಿ ಕೋಟನ್ನು ಗೂಟಕ್ಕೆ ಹಾಕಿ, ಒಲೆಯ ಎದುರು ಕುಳಿತು, ಬಿಸಿ ರೊಟ್ಟಿಗೆ ಹಿಂಡಿ, ಹಿಂಡಿಗೆ ಎಣ್ಣೆ... ಹಾಗೆ ಉಣ್ಣುವವರು ಕೋರ್ಟಿನಲ್ಲಿ ವಾದ ಮಾಡುತ್ತಾರೆಂಬುದೇ ನನಗೆ ಮರೆತು ಹೋಗುತ್ತಿತ್ತು.

ಮೊಮ್ಮಗಳು ಆಗ ಒಂದನೆಯ ಇಯತ್ತೆ ಓದುತ್ತಿದ್ದಳು. ಮಗಳು ಸಿಂದಗಿಯ ಗಂಡನಿಂದ ಕೋರ್ಟಿನಲ್ಲಿ ಸೋಡಚೀಟಿ ಪಡೆದು ಬಾಗೇವಾಡಿಗೆ, ನಮ್ಮ ಮನೆಗೆ ಬಂದಿದ್ದಳು. ಕೂಸಿನ ಖರ್ಚಿಗೆ ತಿಂಗಳಿಗಿಷ್ಟು ಕೊಡಬೇಕೆಂದು ಕೋರ್ಟು ಅವನಿಗೆ ಹೇಳಿತ್ತು. ಕೊಡುತ್ತಿದ್ದ. ಅದರಲ್ಲಿ ಕೂಸಿನ ಸಾಲಿ ನಡೆದಿತ್ತು. ಅವನು ಇನ್ನೊಂದು ಮದುವೆಯನ್ನೂ ಮಾಡಿಕೊಂಡಿದ್ದ.

ಅಷ್ಟರಲ್ಲಿ ಇಂಗಳೇಶ್ವರದವರೊಬ್ಬರು ನನ್ನ ಮಗಳನ್ನು ಕೇಳಿಕೊಂಡು ಬಂದರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹುಡುಗಿಯೂ ತಾಯಿಯ ಜೊತೆ ಬರಲಿ ಅಂದರು. ಆ ದಿನ ಮಗಳು ಎರಡು ಸಲ ತಲೆ ಬಾಚಿಕೊಂಡಳು.

ಹೆಣ್ಣಿನ ಎರಡನೆಯ ಮದುವೆಗೆ ನಮ್ಮಲ್ಲಿ ಉಡಿಕಿ ಅನ್ನುತ್ತೇವೆ. ಕತ್ತಲಾದ ಮೇಲೆ, ವಾಲಗವಿಲ್ಲದೆ, ಹೊಸ ಸೀರೆ ಉಡಿಸಿ ಕಳಿಸಿಬಿಡುವುದು ನಮ್ಮ ಮನೆತನದ ರೂಢಿ. ಮೊದಲಿನ ಗಂಡನ ಮಕ್ಕಳು ಅದನ್ನು ನೋಡಬಾರದಂತೆ. ಗಂಡಸು ಎರಡನೆಯ ಸಲ ಆದರೆ ಮಾತ್ರ ಹಗಲು, ಹಂದರ, ಬ್ಯಾಂಡು.

ಸಿಂದಗಿಯಿಂದ ಮಾತು ಬಂತು. ಇನ್ನೊಬ್ಬನ ಸೀರೆ ಉಟ್ಟ ದಿನದಿಂದ ಕೂಸಿನ ಖರ್ಚು ಬಂದ್, ಬೇಕಿದ್ದರೆ ಕೂಸನ್ನು ತನ್ನ ಮನೆಗೆ ಕಳಿಸಲಿ ಅಂದಿದ್ದ. ಓಣಿಯ ಹಿರಿಯರು ಹೌದೆಂದು ತಲೆಯಾಡಿಸಿದರು. ಉಡಿಕಿ ಆದರೆ ಹಿಂದಿನ ಮನೆಯ ಋಣ ಹರಿಯಿತೆಂದೇ ನಾನೂ ತಿಳಿದವಳು. ಕೂಸಿನ ಸಾಲಿ ದೊಡ್ಡದು, ಇಂಗಳೇಶ್ವರದವರಿಗೆ ಬೇಡವೆಂದು ಹೇಳಿಬಿಡು ಅಂದಳು ಮಗಳು. ಹಾಗೆಂದು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು...

ರೊಟ್ಟಿ ಬಡಿಯುತ್ತಾ ಇದನ್ನೆಲ್ಲ ಅಕ್ಕೋರಿಗೆ ಹೇಳಿದೆ. ಅವರ ಕೈಯಲ್ಲಿಯ ತುತ್ತು ಕೈಯಲ್ಲೇ ಉಳಿಯಿತು.

"ಯವ್ವಾ, ಗಂಡ ಬದಲಾಗ್ತಾನ, ಹೆಂಡತಿ ಬದಲಾಗ್ತಾಳ. ಅಪ್ಪ ಎಲ್ಲಿ ಬದಲಾಗ್ತಾನ? ನಿನ್ನ ಮಗಳಿಗಂತ ಅವ ಏನರೆ ಕೊಡ್ತಿದ್ರ ಅದು ನಿಲ್ತಿತ್ತು, ಖರೆ. ಕೂಸಿಂದು ನಿಲ್ಲಂಗಿಲ್ಲ."

"ರೂಢಿ ಹಂಗಿಲ್ಲಲ್ರಿ ಅಕ್ಕೋರ," ಅಂದೆ.

"ಅವ ಬ್ಯಾಂಡ್ ಹಚ್ಚಿ ಇನ್ನೊಂದು ಮದುವಿ ಆದಾಗ ನಿಮ್ಮ ರೂಢಿ ಎಲ್ಲಿ ಮಲಗಿತ್ತು?"

ಅಷ್ಟಕ್ಕೇ ಬಿಡಲಿಲ್ಲ. ಉಡಿಕಿಯನ್ನು ಹಗಲಲ್ಲೇ ಮಾಡಿರಿ, ಕೂಸನ್ನು ಮುಂದೆ ಕೂಡಿಸಿರಿ ಅಂದರು. ಕದ್ದು ಮಾಡಿದರೆ ತಪ್ಪು ಮಾಡಿದ್ದೇವೆಂದು ನಾವೇ ಒಪ್ಪಿದ ಹಾಗೆ ಎಂಬುದು ಅವರ ಮಾತು. ಮಾಡಿದೆವು. ಬಿಸಿಲು ಏರುವ ಹೊತ್ತಿಗೆ, ಹಂದರ ಹಾಕಿ, ಬ್ಯಾಂಡು ಬಾರಿಸಿ. ಕೂಸು ತಾಯಿಯ ತೊಡೆಯೇರಿ ಕುಳಿತು ಅಕ್ಕಿಕಾಳಿನೊಂದಿಗೆ ಆಡಿತು. ಬಾಗಿಲ ಸಂದಿಯಿಂದ ಇಣುಕಿದ ಓಣಿಯವರು ಗೋದಿ ಹುಗ್ಗಿಯ ಹೊತ್ತಿಗೆ ಪಂಕ್ತಿಯಲ್ಲಿದ್ದರು.

ಮರುತಿಂಗಳು ಸಿಂದಗಿಯವನು ಖರ್ಚು ನಿಲ್ಲಿಸಿದ. ಅಕ್ಕೋರು ಕೋರ್ಟಿಗೆ ಅರ್ಜಿ ಹಾಕಿದರು. ಅವನು ಹಿರಿಯರನ್ನು ಕಟ್ಟಿಕೊಂಡು ಬಂದ. ಅವಳು ಬೇರೆ ಮದುವೆಯಾಗಿದ್ದಾಳೆ, ಹೊಸ ಗಂಡ ಸಾಕಲಿ ಅಂದ. ಅದೇ ಉಸಿರಿನಲ್ಲಿ, ಕೂಸು ನನ್ನ ರಕ್ತ, ನನಗೆ ಕೊಡಿಸಿರಿ ಎಂದೂ ಅಂದ. ಅಕ್ಕೋರು ಮೆಲ್ಲಗೆ ಎದ್ದು ನಿಂತರು.

"ರಕ್ತ ನಿಮ್ದು ಅಂದ್ರಿ. ತಾಯಿ ಉಡಿಕಿ ಆದ ಕೂಡ್ಲೆ ಅದು ನೀರಾತೇನ್ರಿ?"

ಅವನ ಕಡೆಯ ಹಿರಿಯನೇ ಮೊದಲು ನಕ್ಕ. ಅವನು ಆಚೆ ಈಚೆ ನೋಡಿ, ಮಗಳು ನನ್ನವಳೇ ಅಂದ. ಜಡ್ಜ್ ಸಾಹೇಬರು ಕೂಸು ತಾಯಿಯ ಹತ್ತಿರವೇ ಇರಲಿ, ಖರ್ಚು ಮೊದಲಿನಂತೆಯೇ ನಡೆಯಬೇಕೆಂದರು. ಹೊರಗೆ ಬಂದು ನಾನು ಕಾಲು ಮುಟ್ಟಲು ಬಗ್ಗಿದರೆ ಅಕ್ಕೋರು ರಟ್ಟೆ ಹಿಡಿದು ಎತ್ತಿದರು. ಹಸಿವಾಗಿದೆ, ಮನೆಗೆ ನಡಿ ಅಂದರು. ಬಸ್ ಸ್ಟ್ಯಾಂಡಿನ ತನಕ ನಾನು ನಡೆದೆನೋ ಕುಣಿದೆನೋ...

ಮೂರು ವರ್ಷದ ಹಿಂದೆ ಅಕ್ಕೋರು ಜಡ್ಡು ಬಿದ್ದು ತೀರಿಕೊಂಡರು. ಮೊಮ್ಮಗಳ ಬಿಳಿ ಸಮವಸ್ತ್ರವನ್ನು ಅವರು ನೋಡಲಿಲ್ಲ.

ಇಂದು ಬೆಳಗ್ಗೆ, ನನಗೆ ಹೇಳಿ ಹೋಗಲು ಬಂದಿದ್ದ ಮೊಮ್ಮಗಳ ಹಾಸಿಗೆ, ಟ್ರಂಕನ್ನು ಇಂಗಳೇಶ್ವರದ ಅಳಿಯ ಗಾಡಿಗೆ ಏರಿಸಿದ. ಸಿಂದಗಿಯವನೂ ಪೇಡೆ ಹಿಡಿದು ಬಂದಿದ್ದ. ನನ್ನ ಮಗಳು, ನನ್ನ ಮಗಳು ಎಂದು ಓಣಿಗೆಲ್ಲ ಹಂಚಿದ. ಹೇಳಿಕೊಳ್ಳಲಿ. ಅಕ್ಕೋರು ಕೋರ್ಟಿನಲ್ಲಿ ಅವನ ಬಾಯಿಂದ ಹೊರಡಿಸಿದ್ದೂ ಅದೇ ಮಾತು.

ಗಾಡಿ ಮರೆಯಾದ ಮೇಲೆ, ಕಂಪೌಂಡಿನ ಗೋಡೆಗೆ ಹೋಗಿ "ಅಕ್ಕೋರ" ಅಂತ ಕೂಗಿಯೇಬಿಟ್ಟೆ. ಆ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹೆಣ್ಣುಮಗಳು ಹೊರಗೆ ಬಂದು, ಏನಾಯಿತು ಆಯಿ ಅಂದಳು. ಅಕ್ಕೋರಿಗೆ ಹೇಳಬೇಕಾಗಿದ್ದನ್ನು ಅವಳಿಗೇ ಹೇಳಿದೆ, ಮೊದಲಿನಿಂದ. ಒಳಗೆ ಹಾಲು ಉಕ್ಕುವ ಸಪ್ಪಳ ಬಂದರೂ ಅವಳು ಅಲ್ಲಾಡದೆ ನಿಂತು ಕೇಳಿದಳು.